ಒಂಬತ್ತಕ್ಕೂ ಸರಿ ಅಂದವನು

"ಆರೇ ಇರಲಿ. ಎಂಟು ಬೇಕು ಅನ್ನೋರು ಈ ಹಳೇ ಯಂತ್ರಗಳನ್ನ ಯಾವತ್ತೂ ಮುಟ್ಟಿಲ್ಲ ಅಂತ ಕಾಣುತ್ತೆ."

ಮಾತು ಆಡಿದವನು ಲಿಫ್ಟ್ ರಿಪೇರಿಯವನು. ಅದು ತಾಗಿದ್ದು ಆಗಷ್ಟೇ ಎಂಟರ ಪರ ಮಾತನಾಡಿ ಕುಳಿತಿದ್ದ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹುಡುಗಿಗೆ.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಭಾನುವಾರ ಭಾನುವಾರ ಸೇರುತ್ತಿದ್ದವರೆಲ್ಲ ಹಳೆಯ ಕಂಪ್ಯೂಟರುಗಳ ಹುಚ್ಚು ಹತ್ತಿಸಿಕೊಂಡವರು. ಒಂದು ಕಾಲದಲ್ಲಿ ಕ್ಯಾಸೆಟ್ಟಿನಿಂದ ಆಟ ಓದುತ್ತಿದ್ದ ಪುಟ್ಟ ಕಂಪ್ಯೂಟರನ್ನು ಇಂದಿನ ಪರದೆಯೊಳಗೆ ಮತ್ತೆ ಎಬ್ಬಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಅದಕ್ಕೆ ಬುನಾದಿಯಾಗುವ ಫ್ರೇಮ್‌ವರ್ಕಿನ ಯಾವ ಆವೃತ್ತಿ ಆರಿಸುವುದು? ಆರನೆಯದು ಸದಸ್ಯರ ಮುದಿ ಕಂಪ್ಯೂಟರುಗಳಲ್ಲೂ ಓಡುತ್ತದೆ, ಆದರೆ ತಯಾರಿಸಿದವರೇ ಅದನ್ನು ಕೈಬಿಟ್ಟಿದ್ದಾರೆ. ಎಂಟನೆಯದು ಗಟ್ಟಿ, ಆದರೆ ಹೊಸ ಕಂಪ್ಯೂಟರೇ ಬೇಕು.

"ಮುಟ್ಟಿದೀನಿ," ಎಂದಳು ಅವಳು. "ಕೈಬಿಟ್ಟಿದ್ದನ್ನ ನಂಬ್ಕೊಂಡು ಕೂತರೆ ನಾಳೆ ರಿಪೇರಿ ಮಾಡೋರು ಯಾರು? ನಿಮ್ಮ ಲಿಫ್ಟಿಗೂ ಹೀಗೇ ಬಿಡಿಭಾಗ ಹಾಕ್ತೀರಾ? ಹೇಳಿ, ಮೆಟ್ಟಿಲು ಹತ್ಕೊಂಡು ಹೋಗ್ತೀನಿ."

ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ನಕ್ಕು, ಮತ್ತೆ ವಾದಕ್ಕೆ ನಿಂತ.

ತನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿ, ಇಷ್ಟು ಚೆನ್ನಾಗಿ ಅಲ್ಲಗಳೆದವರು ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ.

ಪ್ರೋಗ್ರಾಂ ಬರೆದು ಮುಗಿಸುವ ಕೆಲಸ ಇವರಿಬ್ಬರ ತಲೆಗೇ ಬಿತ್ತು. ವಾರವಾರವೂ ಜಗಳ. ಒಂದು ಸಲ ಅವನು ಎಂಟು ಬೇಡವೇ ಬೇಡ ಎಂದಾಗ ಅವಳು ಕುರ್ಚಿ ಹಿಂದಕ್ಕೆ ತಳ್ಳಿ, "ನಿಮಗೆ ಹೇಳಿ ಪ್ರಯೋಜನ ಇಲ್ಲ" ಎಂದು ಎದ್ದು ಹೋದಳು. ಅದಾದ ಮೇಲೆ, ಆಸ್ಪತ್ರೆಯ ಜೊತೆಗಾತಿ ರಜೆ ಹಾಕಿದ್ದರಿಂದ, ಕೆಲವು ಭಾನುವಾರ ಬರಲಾಗಲಿಲ್ಲ.

ಅವಳು ಮರಳಿ ಬಂದಾಗ ಅವನು ಬೇರೆಯವನೇ ಆಗಿದ್ದ.

"ಎಂಟೇ ಹಾಕೋಣ," ಎಂದ.

"ಮುದಿ ಕಂಪ್ಯೂಟರುಗಳ ಗತಿ?"

"ನೀವು ಹೇಗೆ ಹೇಳ್ತೀರೋ ಹಾಗೆ."

ಗೆದ್ದವಳಿಗೆ ಗೆದ್ದ ಹಾಗನ್ನಿಸಲಿಲ್ಲ. ಪರದೆಯ ಬಣ್ಣಕ್ಕೂ ಸರಿ, ಅಕ್ಷರದ ಗಾತ್ರಕ್ಕೂ ಸರಿ... ಇದು ಒಪ್ಪಿಗೆಯೋ, ಬೇಸರವೋ? ಬೇಗ ಮುಗಿಸಿ ಕೈ ತೊಳೆದುಕೊಳ್ಳುವ ಆತುರವೋ?

"ನಿಮ್ಮಣ್ಣ ಒಂದೇ ಒಂದು ಸಲ ನಂಗೆ 'ನೀನು ಹೇಳಿದ ಹಾಗೆ' ಅಂದಿದ್ರೆ, ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ದೆ," ಎಂದಳು, ಮನೆಯಲ್ಲಿ ಬಟ್ಟೆ ಮಡಿಸುತ್ತಾ ಇದನ್ನೆಲ್ಲ ಕೇಳಿದ ಅತ್ತಿಗೆ.

"ಪಕ್ಕದಲ್ಲೇ ಕೂತಿರ್ತಾನೆ ಅತ್ತಿಗೆ... ಆದ್ರೆ ಅಲ್ಲಿ ಯಾರೂ ಇಲ್ಲ ಅನ್ಸುತ್ತೆ."

"ಹಾಗಂತ ಅವನನ್ನೇ ಕೇಳು. ಆ ದಿಂಬಿನ ಚೀಲ ಯಾಕೆ ಹಿಂಡ್ತೀಯ, ಈಗ ತಾನೇ ಇಸ್ತ್ರಿ ಮಾಡಿದ್ದು."

ಕೇಳುವ ಧೈರ್ಯ ಬರಲಿಲ್ಲ. ಬದಲಿಗೆ ಒಂದು ಹುಚ್ಚು ಕೆಲಸ ಮಾಡಿದಳು.

"ಒಂಬತ್ತು ಹಾಕೋಣ."

ಒಂಬತ್ತು ಇನ್ನೂ ತಯಾರಾಗಿರಲಿಲ್ಲ. ಪರೀಕ್ಷೆಗೆಂದು ಬಿಟ್ಟಿದ್ದ ಅರೆಬೆಂದ ಆವೃತ್ತಿ. ಮುಂದಿನ ಭಾನುವಾರವೇ ಎಲ್ಲರ ಮುಂದೆ ಪ್ರೋಗ್ರಾಂ ಓಡಿಸಿ ತೋರಿಸುವ ಪ್ರದರ್ಶನ. ಬೈಯಲಿ... ಒಂದು ಸಲ ಬೈಯಲಿ, ಎಂದು ಕಾದಳು.

ಅವನು ಬಾಯಿ ತೆರೆದ. ಮುಚ್ಚಿದ. "ಸರಿ," ಎಂದ. ವಾರವಿಡೀ ಕೂತು ಎಲ್ಲವನ್ನೂ ಒಂಬತ್ತಕ್ಕೆ ಬದಲಾಯಿಸಿದ.

ಪ್ರದರ್ಶನದಲ್ಲಿ ಕ್ಯಾಸೆಟ್ಟು ಕಿರುಗುಟ್ಟಿತು, ಅರ್ಧ ಚಿತ್ರ ಮೂಡಿತು, ಅಲ್ಲಿಗೇ ಎಲ್ಲ ಸ್ತಬ್ಧ. ನೆರೆದವರು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಇಳಿದು ಹೋದರು. ಕೊನೆಗೆ ಮೆಟ್ಟಿಲ ಮೇಲೆ ಉಳಿದವರು ಅವರಿಬ್ಬರೇ.

"ಇದು ಕೆಡುತ್ತೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಬೇಡ ಅಂತ ಯಾಕೆ ಹೇಳಲಿಲ್ಲ?"

ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.

"ಅವತ್ತು ಬೇಡ ಅಂದೆ. ನೀವು ಎದ್ದು ಹೋದ್ರಿ. ಆಮೇಲೆ ಬರಲೇ ಇಲ್ಲ. ಇನ್ನೊಂದು ಸಲ ಅಂದ್ರೆ ಪೂರ್ತಿ ಹೋಗಿಬಿಡ್ತೀರ ಅಂತ..."

"ಡ್ಯೂಟಿ ಇತ್ತು ರೀ!" ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಜನರ ಮೂಳೆ ಫೋಟೋ ತೆಗೀತಾ ತೆಗೀತಾ ನಿಮಗೆ ಏನು ಉತ್ತರ ಕೊಡೋದು ಅಂತಲೇ ಯೋಚಿಸ್ತಿದ್ದೆ. ನೀವು ಎಲ್ಲದಕ್ಕೂ ಸರಿ ಅನ್ನೋಕೆ ಶುರು ಮಾಡಿದ ಮೇಲೇ ನಿಜವಾಗಿ ಹೋಗೋಣ ಅನ್ನಿಸಿದ್ದು. ನಾನಂದ್ರೆ ಇಷ್ಟ ಇದ್ದಿದ್ರೆ ನೀವು ಇಷ್ಟು ಸುಲಭವಾಗಿ ಒಪ್ತಿರಲಿಲ್ಲ ಅಂದ್ಕೊಂಡೆ."

"ಇಷ್ಟ ಅಂತಲೇ ಒಪ್ಪಿದ್ದು," ಎಂದ ಅವನು, ಮೆಲ್ಲಗೆ.

ಈ ಸಲ ಪಕ್ಕದಲ್ಲಿ ಅವನು ನಿಜಕ್ಕೂ ಇದ್ದ.

"ಈಗ ನಿಜ ಹೇಳಿ. ಯಾವುದು ಹಾಕೋಣ?"

"ಎಂಟು. ನೀವು ಹೇಳಿದ್ರಿ ಅಂತಲ್ಲ, ಆರರಲ್ಲಿ ಕ್ಯಾಸೆಟ್ ಓದೋದು ತಡವಾಗುತ್ತೆ, ನಾನೇ ನೋಡಿದೆ. ಮುದಿ ಕಂಪ್ಯೂಟರುಗಳಿಗೆ ಮಾತ್ರ ಆರರ ಪ್ರತಿ ಒಂದು ಬೇರೆ ಇಡೋಣ."

"ಎರಡು ಪ್ರತಿ ಸಾಕೋದು ಅಂದ್ರೆ ದಡ್ಡತನ. ಒಬ್ಬರ ಕೈಲಿ ಆಗಲ್ಲ."

"ಒಬ್ಬರೇ ಅಂತ ಯಾರು ಹೇಳಿದ್ರು? ನೀನು ಇರ್ತೀಯಲ್ಲ."

ಅವಳು ಅವನ ಭುಜಕ್ಕೆ ಭುಜ ತಾಗಿಸಿ ಕುಳಿತಳು.

"ಇರ್ತೀನಿ. ಆದ್ರೂ ಅದು ದಡ್ಡತನವೇ."

"ಅಲ್ಲ," ಎಂದ ಅವನು.