ಬಾರಿನ ಹಿಂದಿನ ಕಿಂಡಿ

ಹನ್ನೊಂದನೇ ತಾರೀಖು, ಸೋಮವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಾರಿನ ಮಾಲೀಕ ಠಾಣೆಯ ಮೆಟ್ಟಿಲು ಹತ್ತಿದ. ಕೂರಿ ಎಂದು ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು, "ನಮ್ಮ ಹಿಂದಿನ ಕಿಂಡಿಗೆ ಯಾರೋ ಗೋಡೆ ಕಟ್ಟಿಬಿಟ್ಟಿದ್ದಾರೆ," ಎಂದ.

ಠಾಣೆಯ ಬರವಣಿಗೆ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ಳನ್ನು ಎಲ್ಲರೂ ರೈಟರಕ್ಕ ಎಂದೇ ಕರೆಯುತ್ತಿದ್ದರು. ಅವಳು ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ಅವನ ಮುಖ ನೋಡಿದಳು.

"ಗೋಡೆ ಒಡೆದಿದ್ದಾರಾ, ಕಟ್ಟಿದ್ದಾರಾ?"

"ಕಟ್ಟಿದ್ದಾರಮ್ಮ! ಇಟ್ಟಿಗೆ, ಸಿಮೆಂಟು, ಪೂರ್ತಿ. ನಿನ್ನೆ ಮತ ಎಣಿಕೆ ಅಂತ ಬಾರು ಮುಚ್ಚಿತ್ತಲ್ಲ, ಅದೇ ಸಮಯ ನೋಡಿ ಕಟ್ಟಿದ್ದಾರೆ."

"ಕಿಂಡಿ ಅಂತಲೇ ಬರೀಲಾ?"

ಮಾಲೀಕ ಒಂದು ಕ್ಷಣ ಯೋಚಿಸಿದ. "ಗಾಳಿಕಿಂಡಿ ಅಂತ ಬರೀರಿ."

ಆ ಕಿಂಡಿಯಲ್ಲಿ ಗಾಳಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಓಡಾಡುತ್ತಿತ್ತೆಂದು ರೈಟರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನ ಹಿಂಬಾಗಿಲಿಗೂ ಅದಕ್ಕೂ ನಲವತ್ತು ಹೆಜ್ಜೆ ದೂರವಿಲ್ಲ. ಅದನ್ನು ಮುಚ್ಚಿಸಿ ಎಂದು ಹೆಂಗಸರು ಕೊಟ್ಟಿದ್ದ ಮೂರು ಅರ್ಜಿಗಳು ಒಂಬತ್ತು ತಿಂಗಳಿಂದ ಅವಳ ಹಿಂದಿನ ಬೀರುವಿನಲ್ಲೇ ಕೂತಿದ್ದವು. ಮೂರರ ಮೇಲೂ ಅವಳದೇ ದುಂಡನೆಯ ಅಕ್ಷರ: 'ಪರಿಶೀಲನೆಯಲ್ಲಿದೆ'. ಮಾಲೀಕನ ದೂರಿಗೆ ಮಾತ್ರ ನಲವತ್ತು ನಿಮಿಷದಲ್ಲಿ ಎಫ್‌ಐಆರ್ ಆಯಿತು. ಅಪ್ಪಣೆ ಮೇಲಿನಿಂದ ಫೋನಿನಲ್ಲಿ ಬಂದಿತ್ತು. ಅವಳ ಮೈಯೆಲ್ಲ ಉರಿಯಿತು. ಕೈ ಮಾತ್ರ ಎಂದಿನ ಹಾಗೆ ಹೇಳಿದ್ದನ್ನು ಬರೆದು ಮುಗಿಸಿತು.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಇನ್‌ಸ್ಪೆಕ್ಟರ್ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಸಾಲು ಸಾಲಾಗಿ ಕೂತ ಇಟ್ಟಿಗೆ, ಸಂದುಗಳಲ್ಲಿ ಬೆರಳು ಆಡಿಸಿದರೆ ಎಲ್ಲೂ ಉಬ್ಬುತಗ್ಗಿಲ್ಲ.

"ನಮ್ಮ ಠಾಣೆ ಗೋಡೆ ಇಷ್ಟು ನೆಟ್ಟಗಿಲ್ಲ ಕಣ್ರೀ," ಎಂದರು.

ರೈಟರಕ್ಕ ಬರೆಯುತ್ತ ಹೋದಳು. ಕಿಂಡಿಯ ಕೆಳಗಿನ ಹಲಗೆ, ಮೊಣಕೈ ಊರಿ ಊರಿ ನುಣುಪಾಗಿದೆ. ಚರಂಡಿಯಲ್ಲಿ ಹರಿದ ಮದ್ಯದ ಪ್ಯಾಕೆಟ್ಟುಗಳು, ಪ್ಲಾಸ್ಟಿಕ್ ಲೋಟಗಳು, ಒಂದು ಜಾಮಿಟ್ರಿ ಬಾಕ್ಸಿನ ಮುಚ್ಚಳ.

"ಅದನ್ನೆಲ್ಲ ಯಾಕೆ ಬರೀತೀರಿ?" ಮಾಲೀಕ ಕೇಳಿದ.

"ಕಂಡಿದ್ದನ್ನ ಬರೆಯೋದಕ್ಕೇ ಪಂಚನಾಮೆ ಅನ್ನೋದು," ಎಂದಳು, ತಲೆ ಎತ್ತದೆ.

ಎದುರಿನ ದರ್ಜಿಯನ್ನು ಇನ್‌ಸ್ಪೆಕ್ಟರ್ ಕರೆಸಿದರು.

"ನಿನ್ನೆ ನೋಡಿದೆಯಾ?"

"ನೋಡಿದೆ ಸಾರ್. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೆಲಸ. ಕಲಸೋಕೆ ಎರಡು ಕೊಡ ನೀರು ಕೊಟ್ಟೋನೂ ನಾನೇ."

"ಯಾರು ಏನು ಅಂತ ಕೇಳಲಿಲ್ವಾ?"

"ಒಡೆಯೋರನ್ನಾದರೆ ಕೇಳಬಹುದು ಸಾರ್. ಕಟ್ಟೋರನ್ನ ಏನಂತ ಕೇಳೋದು? ಧಣಿಯೇ ಕಟ್ಟಿಸ್ತಿದ್ದಾರೆ, ಬುದ್ಧಿ ಬಂತು ಅಂದ್ಕೊಂಡೆ."

"ಮುಖ?"

"ತಲೆಗೆ ಟವೆಲ್ ಸುತ್ತಿದ್ರು. ನನ್ನ ಕಣ್ಣು ಹೊಲಿಗೆಗೇ ಸಾಲಲ್ಲ ಸಾರ್."

ಹನ್ನೆರಡನೇ ತಾರೀಖು, ಮಂಗಳವಾರ. ಬಾರಿನ ಹಿಂದಿನ ಓಣಿಗೆ ಗಸ್ತು ಹೋಗಿ ಬಂದ ಪೇದೆ ಉದ್ದಣ್ಣ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಬಂದ.

"ಗೋಡೆ ಒದ್ದೆಯಾಗಿದೆ ಸಾರ್. ಯಾರೋ ಉಚ್ಚೆ ಹೊಯ್ದಿರಬೇಕು ಅಂದ್ಕೊಂಡೆ. ಆದರೆ ಮೇಲಿನ ಸಾಲೂ ತೊಯ್ದಿದೆ. ಅಷ್ಟೆತ್ತರ ನನ್ನ ಕೈಲೂ ಆಗಲ್ಲ."

ಇನ್‌ಸ್ಪೆಕ್ಟರ್ ನಗಲಿಲ್ಲ. ಹೋದ ವರ್ಷ ತಾನೇ ಮನೆ ಕಟ್ಟಿಸಿ ಕೈ ಸುಟ್ಟುಕೊಂಡಿದ್ದ ಮನುಷ್ಯ. "ಕ್ಯೂರಿಂಗ್," ಎಂದರು. "ಹೊಸ ಗೋಡೆಗೆ ದಿನಾ ನೀರು ಹಾಕದಿದ್ದರೆ ಬಿರುಕು ಬಿಡುತ್ತೆ. ಕಟ್ಟಿದವರೇ ಬಂದು ಹೋಗಿದ್ದಾರೆ. ನಾಳೆಯೂ ಬರ್ತಾರೆ."

"ಕೇಸಾಗಿದೆ ಅಂತ ಊರಿಗೇ ಗೊತ್ತು ಸಾರ್. ಬರೋವಷ್ಟು ದಡ್ಡರಾ?"

"ದಡ್ಡರಲ್ಲ, ಕೆಲಸ ಗೊತ್ತಿರೋರು."

ಹದಿಮೂರನೇ ತಾರೀಖು, ಬುಧವಾರ, ಬೆಳಿಗ್ಗೆ ಆರೂ ಮುಕ್ಕಾಲು. ದರ್ಜಿಯ ಅಂಗಡಿಯೊಳಗೆ ಇನ್‌ಸ್ಪೆಕ್ಟರ್, ರೈಟರಕ್ಕ, ಉದ್ದಣ್ಣ ಮೂವರೂ ಕಾದು ಕೂತಿದ್ದರು. ಒಬ್ಬ ಹೆಂಗಸು ಸೊಂಟದಲ್ಲಿ ಕೊಡ ಇಟ್ಟುಕೊಂಡು ಬಂದಳು. ನಲವತ್ತರ ಆಸುಪಾಸು. ಸಿಮೆಂಟು ತಿಂದ ಬೆರಳುಗಳು. ಚೊಂಬಿನಿಂದ ಮೇಲಿನ ಸಾಲಿಗೆ ನೀರು ಹೊಯ್ಯುತ್ತಿದ್ದಾಗ ರೈಟರಕ್ಕ ಹೋಗಿ ಪಕ್ಕದಲ್ಲಿ ನಿಂತಳು.

ಹೆಂಗಸು ಓಡಲಿಲ್ಲ. "ಇನ್ನು ಅರ್ಧ ಕೊಡ ಇದೆ. ಮುಗಿಸಿ ಬರಲಾ?" ಎಂದಳು.

ಮುಗಿಸಿಯೇ ಬಂದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ವಿಚಾರಣೆ ಶುರುಮಾಡಿದರು.

"ಏನು ಕೆಲಸ?"

"ಗಾರೆ ಕೆಲಸ."

"ಯಾರು ಹೇಳಿ ಕಟ್ಟಿಸಿದರು?"

"ಯಾರೂ ಹೇಳಲಿಲ್ಲ."

"ಮನೇಲಿ ಯಾರಿದ್ದಾರೆ?"

"ಮಗ, ಹತ್ತೊಂಬತ್ತು. ಮಗಳು, ಹನ್ನೊಂದು. ಗಂಡ ಕುಡಿದು ಸತ್ತ, ಆರು ವರ್ಷ ಆಯ್ತು."

"ಯಾಕೆ ಕಟ್ಟಿದೆ?"

ಹೆಂಗಸು ರೈಟರಕ್ಕನ ಕಡೆ ತಿರುಗಿದಳು. "ಅರ್ಜಿ ಕೊಟ್ಟಿದ್ದೆ. ಇವರೇ ತಗೊಂಡಿದ್ದು. ನೋಡ್ತೀವಿ, ಹೋಗಿ ಬಾಮ್ಮ ಅಂದ್ರು."

ರೈಟರಕ್ಕನಿಗೆ ಅರ್ಜಿ ನೆನಪಿತ್ತು, ಮುಖ ನೆನಪಿರಲಿಲ್ಲ. ಅಂದು ಅವಳು ತಲೆಯೇ ಎತ್ತಿರಲಿಲ್ಲ.

ಹತ್ತೂವರೆಗೆ ಮಾಲೀಕ ಬಂದ. "ಸಿಕ್ಕಳಂತಲ್ಲ! ಇನ್ನು ಗೋಡೆ ಒಡೆಸಿಕೊಡಿ, ವ್ಯಾಪಾರ ನಿಂತಿದೆ."

"ಗಾಳಿ ವ್ಯಾಪಾರವಾ?" ಇನ್‌ಸ್ಪೆಕ್ಟರ್ ಕೇಳಿದರು. "ನಿಮ್ಮ ಪರವಾನಗಿಯಲ್ಲಿ ಇರೋದು ಒಂದೇ ಬಾಗಿಲು. ಹಿಂದೆ ಯಾರಿಗೆ ಮಾರ್ತಿದ್ರಿ?"

"ಕೇಳಿದವರಿಗೆ ಸಾರ್."

"ಕಾಲೇಜು ಹುಡುಗರಿಗೆ?"

"ಕಿಂಡಿಯಲ್ಲಿ ಕೈ ಮಾತ್ರ ಕಾಣುತ್ತೆ. ದುಡ್ಡು ಹಿಡಿದ ಕೈ ನೋಡಿ ವಯಸ್ಸು ಹೇಳೋಕಾಗತ್ತಾ?"

ಮೂಲೆಯ ಬೆಂಚಿನಿಂದ ಹೆಂಗಸು ಎದ್ದಳು.

"ಆಗತ್ತೆ. ಶನಿವಾರ ನೀನು ಪ್ಯಾಕೆಟ್ ಇಟ್ಟ ಕೈ ಮೇಲೆ ಪೆನ್ನಿನಲ್ಲಿ ವಾಚು ಬಿಡಿಸಿತ್ತು. ಮಣಿಕಟ್ಟಿನ ಸುತ್ತ, ಬೆಲ್ಟು ಸಮೇತ. ಎಷ್ಟು ವಯಸ್ಸಿನೋರು ಹಾಗೆ ಬಿಡಿಸ್ಕೋತಾರೆ, ಹೇಳು!"

ಮಾಲೀಕ ಕುರ್ಚಿಯಿಂದ ಏಳಲು ಹೋದ. ಉದ್ದಣ್ಣ ಅವನ ಭುಜದ ಮೇಲೆ ಕೈಯಿಟ್ಟ.

ಮುಚ್ಚಿಟ್ಟಿದ್ದೆಲ್ಲ ಆಮೇಲೆ ಹೊರಬಂತು. ಮಗನಿಗೆ ಕರಣೆ ಹಿಡಿಯಲು ಕಲಿಸಿದವಳು ಅವಳೇ. ಅವನ ಕೈ ಅವಳದಕ್ಕಿಂತ ನಯ. ಮೊದಲು ಜೊತೆಯ ಹುಡುಗರು ಮೈಕೈ ನೋವಿಗೆಂದು ಸಂಜೆ ಕುಡಿಸಿದರು. ಆಮೇಲೆ ಕೈ ನಡುಗದಿರಲೆಂದು ಬೆಳಿಗ್ಗೆಯೂ ಬೇಕಾಯಿತು. ಎರಡನೇ ಅಂತಸ್ತಿಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ನಾಲ್ಕು ತಿಂಗಳಾಯಿತು, ಹಾಸಿಗೆಯಲ್ಲೇ ಇದ್ದಾನೆ. ಕುಡಿತ ಬಿಟ್ಟಿದ್ದಾನೆಂದು ಅವಳು ನಂಬಿದ್ದಳು. ಶನಿವಾರ ಕೆಲಸ ಬೇಗ ಮುಗಿದು ಓಣಿಯಲ್ಲಿ ಬರುವಾಗ, ಕಾಲೇಜು ಹುಡುಗರ ಸಾಲಿನಲ್ಲಿ ಸ್ಕೂಲ್ ಯೂನಿಫಾರ್ಮಿನ ಮಗಳು. ಹುಡುಗರು "ಪುಟ್ಟಿಗೆ ಮೊದಲು ಕೊಡಿ" ಎಂದು ದಾರಿ ಬಿಡುತ್ತಿದ್ದರು. ಅಷ್ಟು ಗುರುತಾಗಿದ್ದಳು.

"ಹೊಡೆಯೋಕೆ ಕೈ ಎತ್ತಿದೆ. 'ಅಣ್ಣನ ಔಷಧಿ ಕಣಮ್ಮ, ಇದು ಕುಡಿದ್ರೆ ನಡುಕ ನಿಲ್ಲುತ್ತೆ' ಅಂದಳು. ಎತ್ತಿದ ಕೈ ಹಾಗೇ ನಿಂತುಹೋಯ್ತು."

ಹನ್ನೊಂದು ನಲವತ್ತಕ್ಕೆ ಅವಳ ಬಂಧನ ದಾಖಲಾಯಿತು. ಅತಿಕ್ರಮ ಪ್ರವೇಶ, ಆಸ್ತಿಗೆ ಹಾನಿ. "ಗೋಡೆ ನಾನೇ ಕಟ್ಟಿದ್ದು," ಎಂದು ಸಹಿ ಹಾಕಿದಳು. ಹನ್ನೆರಡು ಐದಕ್ಕೆ ಎರಡನೇ ಎಫ್‌ಐಆರ್, ಮಾಲೀಕನ ಮೇಲೆ, ಮಗುವಿಗೆ ಮದ್ಯ ಮಾರಿದ್ದಕ್ಕೆ. ಇನ್‌ಸ್ಪೆಕ್ಟರ್ ಫೋನು ರಿಂಗಾಗುತ್ತಿತ್ತು, ಅವರು ಎತ್ತಲಿಲ್ಲ. ರೈಟರಕ್ಕ ಬೀರುವಿನಿಂದ ಮೂರು ಅರ್ಜಿಗಳನ್ನೂ ತೆಗೆದು ಕಡತಕ್ಕೆ ಸೇರಿಸಿದಳು. ಮೇಲಿದ್ದ ತನ್ನ ಅಕ್ಷರವನ್ನು ಅಳಿಸಲಿಲ್ಲ. ನ್ಯಾಯಾಧೀಶರು ಅದನ್ನೂ ನೋಡಲಿ.

ಮಾಲೀಕನ ವಕೀಲ ಆಗಲೇ ಬಾಗಿಲಲ್ಲಿ ನಿಂತಿದ್ದ. ಸಂಜೆಯೊಳಗೆ ಮಾಲೀಕ ಮನೆಯಲ್ಲಿರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಗಾರೆಯಾಕೆಗೆ ಜಾಮೀನು ನಿಲ್ಲಲು ಬಂದಿದ್ದವನು ದರ್ಜಿಯೊಬ್ಬನೇ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

ಕೋರ್ಟಿಗೆ ಹೋಗಲು ಜೀಪು ಹತ್ತುವಾಗ ಹೆಂಗಸು ರೈಟರಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ಮಗಳು ನಾಲ್ಕಕ್ಕೆ ಸ್ಕೂಲಿಂದ ಬರ್ತಾಳೆ. ನಾನು ಬರೋವರೆಗೂ ಪಕ್ಕದ ಮನೇಲಿ ಇರಿಸಿ. ಅವಳನ್ನ ಒಬ್ಬಳೇ ಅವನ ಹತ್ತಿರ ಬಿಡಬೇಡಿ."

"ಯಾರ ಹತ್ತಿರ?"

"ನನ್ನ ಮಗನ ಹತ್ತಿರ," ಎಂದಳು. "ಕಳಿಸೋಕೆ ಊರಲ್ಲಿ ಇನ್ನೂ ಒಂಬತ್ತು ಬ್ರಾಂದಿ ಅಂಗಡಿ ಇದಾವೆ."