ಏಳು ಸಾಕೆಟ್‌ಗಳ ಮನೆ

ಮೂರನೇ ಸಲ ಅದೇ ಗೋಡೆಯನ್ನು ಕೊರೆಯಬೇಕಾಗಿ ಬಂದಾಗ ಕರಿಸಿದ್ದಪ್ಪನ ತಾಳ್ಮೆ ಮುಗಿಯಿತು. ಹಿರಿಯೂರಿನಲ್ಲಿ ಇಪ್ಪತ್ತು ವರ್ಷದಿಂದ ವೈರಿಂಗ್ ಮಾಡುತ್ತಿದ್ದವನು. ಲೈಟು, ಫ್ಯಾನು, ಮಿಕ್ಸಿ ಪಾಯಿಂಟುಗಳನ್ನು ಕಣ್ಣು ಮುಚ್ಚಿ ಕೂರಿಸುತ್ತಿದ್ದ. ಟೈಲರ್ ಹಜರತ್ ಅಲಿಯ ಹೊಸ ಮನೆಯಲ್ಲಿ ಮಾತ್ರ ದಿನಕ್ಕೊಂದು ಕಾಟ. ಅದು ಎರಡು ಸಾವಿರದ ಐದನೇ ಇಸವಿ. ಅಲಿಯ ಬಳಿ ಇನ್ನೂ ಒಂದು ಕಂಪ್ಯೂಟರೂ ಇರಲಿಲ್ಲ, ಆದರೆ ಕೋಣೆಕೋಣೆಗೂ ಇಂಟರ್‌ನೆಟ್ ಸಾಕೆಟ್ ಬೇಕಂತೆ. ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬರುತ್ತಿದ್ದ. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲೇ ಗೋಡೆಗೆ ಗುರುತು ಹಾಕಿ, ಮರುದಿನ ಅಳಿಸಿ, ಒಂದು ಗೇಣು ಆಚೆ ಮತ್ತೆ ಹಾಕುತ್ತಿದ್ದ.

“ಅಡುಗೆ ಮನೆಗೂ ಒಂದಿರ್ಲಿ ಸಿದ್ದಪ್ಪಣ್ಣ,” ಅಂದಳು ಅಲಿಯ ಹೆಂಡತಿ ಶಬನಾ.

“ಅಲ್ಲಿ ಕಂಪ್ಯೂಟರ್ ಇಟ್ಕಂಡು ಏನ್ ಮಾಡ್ತೀಯವ್ವ? ಸಾರಿಗೆ ಒಗ್ಗರಣೆ ಹಾಕ್ತೈತಾ ಅದು?”

“ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ರಿ, ದುರ್ಗದಿಂದ ಯಾರನ್ನಾದ್ರೂ ಕರೆಸ್ತೀವಿ.”

ಆ ಮಾತು ಎದೆಗೆ ಮುಳ್ಳಿನಂತೆ ನಾಟಿತು. ಯೋಜನೆ ಹುಟ್ಟಿದ್ದು ಅಲ್ಲೇ.

ಕರಿಸಿದ್ದಪ್ಪನ ಹೆಂಡತಿಯ ತಮ್ಮ ಚೇತನ್‌ಕುಮಾರ್ ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ತೆರೆಯುವವನಿದ್ದ. “ಕೇಬಲ್ ನೀನು ಹೊಂದಿಸು ಭಾವ, ನೀನೂ ಪಾಲುದಾರ,” ಎಂದಿದ್ದ. ಏಣಿ ಹತ್ತಿ ಸವೆದ ಮಂಡಿಗಳಿಗೆ ಕೊನೆಗೂ ಒಂದು ಕುರ್ಚಿ ಕಾಣಿಸಿತ್ತು. ಅಲಿ ಬೆಂಗಳೂರಿನಿಂದ ತರಿಸಿದ್ದ ದೊಡ್ಡ ಸುರುಳಿ ಕಣ್ಣೆದುರೇ ಇತ್ತು: ನೀಲಿ ಕೇಬಲ್, ಮೈಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಬರಹ.

ಏಳು ಸಾಕೆಟ್‌ಗಳ ಕೇಬಲ್‌ಗಳೂ ಹಾಲ್‌ನ ಒಂದು ಪೆಟ್ಟಿಗೆಗೆ ಬಂದು ಸೇರಬೇಕು. ಕಂಪ್ಯೂಟರ್ ಕೂರುವುದು ಮುಂದಿನ ಕೋಣೆಯಲ್ಲಿ. ಅದಕ್ಕೆ ಮಾತ್ರ ನಿಜವಾದ ಕೇಬಲ್ ಎಳೆದರಾಯಿತು. ಉಳಿದ ಆರಕ್ಕೆ ಪೆಟ್ಟಿಗೆಯಲ್ಲೊಂದು ಮಾರು, ಕೋಣೆಯಲ್ಲೊಂದು ಮಾರು ಸಾಕು. ನಡುವಿನ ಪೈಪೆಲ್ಲ ಖಾಲಿ. ಒಳಗಿನ ತುದಿಗೆ ಗಂಟು ಹಾಕಿ ಸಿಮೆಂಟು ಮೆತ್ತಿದರೆ ಎಷ್ಟು ಜಗ್ಗಿದರೂ ಕದಲದು. ಎಂದಾದರೂ ಸಾಕೆಟ್ ಕೆಲಸ ಮಾಡದಿದ್ದರೆ ಇಲಿ ಕಡಿದಿದೆ ಅಂದರಾಯಿತು. ಇಲಿ ಹುಡುಕಲೆಂದು ಬಣ್ಣ ಬಳಿದ ಹೊಸ ಗೋಡೆಯನ್ನು ಯಾರು ಒಡೆಸುತ್ತಾರೆ?

ರಂಜಾನ್ ಹೊಲಿಗೆಯ ಗದ್ದಲದಲ್ಲಿ ಅಲಿ ನಾಲ್ಕು ದಿನ ಮನೆ ಕಡೆ ಸುಳಿಯಲಿಲ್ಲ. ಕರಿಸಿದ್ದಪ್ಪ ಇಪ್ಪತ್ತು ವರ್ಷದ ರೂಢಿಯಂತೆ ಎರಡು ಕೈ ಚಾಚಿ ಮಾರು ಹಾಕಿದ, ಕತ್ತರಿಸಿದ, ಒಂದು ತುಂಡನ್ನು ಪೆಟ್ಟಿಗೆಗೂ ಮುಂದಿನದನ್ನು ಕೋಣೆಗೂ ತುರುಕಿದ. ಹಾಲ್‌ನ ಪ್ರತಿ ತುದಿಗೂ ‘ಅಡುಗೆ’, ‘ಮಲಗುವ ಕೋಣೆ’ ಎಂದು ಪಟ್ಟಿ ಅಂಟಿಸಿದ. ಉಳಿದ ಸುರುಳಿ ಗೋಣಿಚೀಲದಲ್ಲಿ ಕೂತು ಐಮಂಗಲದ ಮೇಲೆ ಹಾದು ದುರ್ಗ ಸೇರಿತು. ಅವನಿಗೆ ಕೈಕೆಲಸದ ಬಗ್ಗೆ ಹೆಮ್ಮೆಯೇ ಆಯಿತು. ಸುಳ್ಳಿಗೆ ಇಷ್ಟು ನೀಟಾಗಿ ಯಾರೂ ದುಡಿದಿರಲಾರರು ಅನ್ನಿಸಿತು.

ಹಬ್ಬ ಮುಗಿಸಿ ಅಲಿ ಮನೆ ನೋಡಲು ಬಂದ. ಸಾಕೆಟ್‌ಗಳ ಮುಚ್ಚಳವನ್ನು ಕರಿಸಿದ್ದಪ್ಪ ಬೇಕೆಂದೇ ಕೂರಿಸಿರಲಿಲ್ಲ.

“ಜಗ್ಗಿ ನೋಡ್ರಿ ಸಾಹೇಬ್ರೆ. ನಿಮ್ಮ ಹೊಲಿಗೆ ಬಿಚ್ಚೀತು, ಇದು ಬಿಚ್ಚಲ್ಲ.”

ಅಲಿ ಜಗ್ಗಲಿಲ್ಲ. ಕನ್ನಡಕ ಏರಿಸಿ, ಹಾಲ್‌ನ ಪೆಟ್ಟಿಗೆಯಲ್ಲಿ ‘ಅಡುಗೆ’ ಎಂದಿದ್ದ ಕೇಬಲ್ಲನ್ನು ಹೊಲಿಗೆ ಪರೀಕ್ಷಿಸುವವನಂತೆ ಬೆರಳ ಮೇಲೆ ಹರಡಿಕೊಂಡು ಆ ಇರುವೆ ಸಾಲನ್ನು ಓದಿದ. ಎದ್ದು ಅಡುಗೆ ಮನೆಗೆ ಹೋಗಿ ಅಲ್ಲಿಯದನ್ನೂ ಓದಿದ. “ಸಿದ್ದಪ್ಪ, ಇದ್ರ ಮ್ಯಾಲೆ ಮೀಟರ್ ಮೀಟರ್‌ಗೂ ಅಂಕಿ ಹೊಡೆದವ್ರೆ, ಥೇಟ್ ನನ್ನ ಟೇಪಿನಂಗೆ,” ಎಂದ ಮೆಲ್ಲಗೆ. “ಹಾಲ್‌ನಾಗೆ ನಲವತ್ತೊಂದು ಐತೆ, ಇಲ್ಲಿ ನಲವತ್ಮೂರು. ನಡುವೆ ಎರಡೇ ಮೀಟರ್ರಾ? ಇಷ್ಟು ಸಣ್ಣ ಮನೆ ಕಟ್ಟಿಸಿದ್ನೇನಪ್ಪ ನಾನು?”