ಹಾಲು, ರಕ್ತ, ಥರ್ಮಾಕೋಲ್ ಮಣಿ

ಸೆಲ್ವರಾಜ್ ರಾಬರ್ಟ್‌ಸನ್‌ಪೇಟೆಯ ತನ್ನ ಬೀನ್‌ಬ್ಯಾಗ್ ಅಂಗಡಿಯಲ್ಲೇ ಬೋರಲಾಗಿ ಬಿದ್ದಿದ್ದ. ದರ್ಜಿಯ ಕತ್ತರಿ ಕುತ್ತಿಗೆಯಲ್ಲಿ ಹಿಡಿಯವರೆಗೂ ಇಳಿದಿತ್ತು. ಒಂದೇ ಏಟಲ್ಲ—ಮುಖ, ಎದೆ, ಅಂಗೈ, ಎಲ್ಲೆಡೆ ಚುಚ್ಚಿದ್ದರು. ಹರಿದ ಚೀಲದಿಂದ ಥರ್ಮಾಕೋಲ್ ಮಣಿಗಳು ನೆಲದ ತುಂಬ ಚೆಲ್ಲಿದ್ದವು. ಅವುಗಳ ಮೇಲೆ ರಕ್ತವೂ ಹಾಲೂ ಕಲೆತು ರೊಜ್ಜಾಗಿತ್ತು. ಪಕ್ಕದಲ್ಲೇ ಹಾಲಿನ ಕ್ಯಾನ್ ಉರುಳಿತ್ತು.

ಹೆಣವನ್ನು ಮೊದಲು ಕಂಡವನು ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಹಾಲು ತರುವ ಚಿರಂಜೀವಿ. ಅವನ ಅಂಗಿಯೂ ರಕ್ತಮಯ.

“ಒಳಕ್ ಓದೆ ಮೇಡಂ, ಎಣ ಕಂಡ್ತು. ಕೈ ಜಾರಿ ಕ್ಯಾನ್ ಬಿದ್ದೋಯ್ತು. ಉಸಿರೈತೇನೋ ಅಂತ ಎತ್ತಕ್ ಓದೆ, ಮೈಯೆಲ್ಲಾ ರಕ್ತ ಆಯ್ತು.”

“ಕ್ಯಾನ್ ಬಿದ್ದಾಗ ನೆಲದ ಮೇಲೆ ರಕ್ತ ಇತ್ತಾ?” ಇನ್ಸ್‌ಪೆಕ್ಟರ್ ಅಂಬಿಕ ಕೇಳಿದರು.

“ಇಲ್ದೆ? ಮಡುಗಟ್ಟಿತ್ತು!”

ಆ ಕತ್ತರಿ ಅದೇ ಅಂಗಡಿಯ ದರ್ಜಿ ಮುನೇಶನದು. ಹಿಂದಿನ ದಿನವಷ್ಟೇ ಅವನು ಧಣಿಗೆ “ಕೊಯ್ದಾಕ್ತೀನಿ” ಎಂದಿದ್ದನ್ನು ಬೀದಿಯೇ ಕೇಳಿತ್ತು. ಬಂಗಾರಪೇಟೆಯಲ್ಲಿ ರೈಲಿಗೆ ಕಾಯುತ್ತಿದ್ದವನನ್ನು ಜನ ಎಳೆದು, ಹಲ್ಲು ಉದುರುವಂತೆ ಬಡಿದಿದ್ದರು. ನಾವು ಪೊಲೀಸರು ಬಿಡಿಸದಿದ್ದರೆ ಎರಡನೇ ಹೆಣ ಬೀಳುತ್ತಿತ್ತು.

“ಓಡಿ ಹೋಗ್ತಿದ್ಯೇನೋ?” ನಾನು ಗದರಿದೆ.

“ಕೆಲ್ಸ ಬಿಟ್ಟೆ ಸಾರ್. ಬೇರೆ ಕೆಲ್ಸ ಕೇಳಕ್ ಓಗ್ತಿದ್ದೆ.” ಬಾಯಿಂದ ರಕ್ತ ಸುರಿಯುತ್ತಿತ್ತು.

ಅವನ ತಾಯಿ ಪಾಪಕ್ಕ ಠಾಣೆಯ ಮೆಟ್ಟಿಲು ಬಿಟ್ಟೇಳಲಿಲ್ಲ. “ನನ್ ಮಗ ಬಾಯಲ್ಲಿ ಕೊಲ್ಲೋನು ಸಾಮಿ, ಕೈಯಲ್ಲಲ್ಲ.” ಕೊಂದವರ ಮನೆಯವರೆಲ್ಲ ಹೀಗೇ ಅಳುತ್ತಾರೆ, ನನ್ನ ಮನಸ್ಸೇನೂ ಕರಗಲಿಲ್ಲ.

“ಮೇಡಂ, ಕತ್ತರಿ ಇದೆ, ಬೆದರಿಕೆ ಇದೆ. ಇನ್ನೇನು ಬೇಕು?”

“ಸೀನಪ್ಪ, ಕೋಳಿ ಅಂಗಡಿಯಿಂದ ಸ್ವಲ್ಪ ರಕ್ತ ತನ್ನಿ.”

ಹೆಡ್ ಕಾನ್‌ಸ್ಟೆಬಲ್ ಆದ ನನ್ನ ಕೈಲಿ ಕೋಳಿ ರಕ್ತ! ಸಿಟ್ಟು ನೆತ್ತಿಗೇರಿತು. ಆದರೂ ತಂದುಕೊಟ್ಟೆ.

ಕ್ಯಾನಿನ ತಳದಲ್ಲಿ ಹಾಲು ಉಳಿದಿತ್ತು. ಎರಡು ಲೋಟಗಳಿಗೆ ಹೊಸ ಮಣಿ ತುಂಬಿ, ಒಂದಕ್ಕೆ ಅಂಬಿಕ ಮೊದಲು ರಕ್ತ, ಆಮೇಲೆ ಹಾಲು ಹಾಕಿದರು. ಇನ್ನೊಂದಕ್ಕೆ ಮೊದಲು ಹಾಲು, ಆಮೇಲೆ ರಕ್ತ. ಎರಡನ್ನೂ ನಲ್ಲಿಯಲ್ಲಿ ತೊಳೆದು, ರಕ್ತಕ್ಕೆ ಮಾತ್ರ ಬಣ್ಣ ತಿರುಗುವ ಲ್ಯಾಬಿನ ದ್ರಾವಣ ಬಿಟ್ಟರು. ಮೊದಲ ಲೋಟ ಹಸಿರಾಯಿತು. ಎರಡನೆಯದು ಬೆಳ್ಳಗೇ ಉಳಿಯಿತು.

ಬಳಿಕ ಹೆಣದ ಪಕ್ಕದ ಮಣಿಗಳನ್ನೂ ಹಾಗೇ ತೊಳೆದು ದ್ರಾವಣ ಬಿಟ್ಟರು. ಹಾಲು ಮುಟ್ಟದೆ ಬರೀ ರಕ್ತ ಬಿದ್ದ ಕಡೆಯವು ಹಸಿರಾದವು. ಹಾಲು ರಕ್ತ ಬೆರೆತ ಕಡೆಯವು—ಬೆಳ್ಳಗೆ!

ಚಿರಂಜೀವಿಯನ್ನು ಕರೆಸಿದರು.

“ಥರ್ಮಾಕೋಲ್ ಅಂದರೆ ಪ್ಲಾಸ್ಟಿಕ್. ರಕ್ತದ ಪ್ರೋಟೀನು ತಗುಲಿದ ಕೂಡಲೇ ಅದಕ್ಕೆ ಅಂಟುತ್ತದೆ, ನೀರಿಗೂ ಬಿಡುವುದಿಲ್ಲ. ಹಾಲಿನ ಪ್ರೋಟೀನೂ ಹಾಗೇ. ಬೆಂಗಳೂರು ರೈಲಿನಲ್ಲಿ ಮೊದಲು ಟವೆಲ್ ಹಾಕಿದವರದೇ ಸೀಟಲ್ಲವೇ? ಇಲ್ಲಿ ಹಾಲು ಮೊದಲು ಕೂತಿತ್ತು. ಆಮೇಲೆ ಬಂದ ರಕ್ತಕ್ಕೆ ಜಾಗವಿಲ್ಲದೆ ತೊಳೆದುಹೋಯಿತು.” ಅಂಬಿಕ ಅವನ ಕಣ್ಣನ್ನೇ ನೋಡಿದರು. “ನಿನ್ನ ಹಾಲು ಚೆಲ್ಲಿದಾಗ ಸೆಲ್ವರಾಜ್‌ಗೆ ಇನ್ನೂ ಗಾಯವೇ ಆಗಿರಲಿಲ್ಲ. ಕೊಂದವನು ನೀನು!”

ಅವನು ಮೇಜನ್ನೇ ಎತ್ತಿ ಅವರ ಮೇಲೆ ಎಸೆದ. ನಾನೂ ಇನ್ನೊಬ್ಬ ಪೇದೆಯೂ ಮೇಲೆ ಬಿದ್ದು ಅವನನ್ನು ನೆಲಕ್ಕೆ ಅದುಮಿದೆವು.

“ಅವ್ನೇ ಒದ್ದ!” ನೆಲಕ್ಕೆ ಮುಖ ಒತ್ತಿದ್ದರೂ ಕಿರುಚಿದ. “ಆಲು ಅಂತ ನೀರ್ ಮಾರಕ್ ಬಂದ್ಯೇನ್ಲಾ ಅಂತ ಚಪ್ಪಲಿ ಕಾಲಲ್ಲಿ ಕ್ಯಾನ್ ಒದ್ದ! ಕಾಲಿಗ್ ಒಂದ್ ತೊಟ್ಟು ತಾಕಿದ್ರೂ ನಮ್ಮವ್ವ ಕಣ್ಣಿಗ್ ಒತ್ಕೊಳ್ಳೋ ಆಲು ಮೇಡಂ ಅದು! ಕತ್ತರಿ ಕೈಗ್ ಸಿಕ್ತು...”

ಮುನೇಶನಿದ್ದ ಲಾಕಪ್ಪಿನ ಬೀಗ ತೆಗೆದೆ. ಪಾಪಕ್ಕ ಅವನ ಒಡೆದ ತುಟಿಯನ್ನು ಸೆರಗಿನಿಂದ ಒರೆಸಿ, ನನ್ನ ಮುಖ ನೋಡದೆ ಕರೆದೊಯ್ದಳು.

ಬೇಡಿ ಹಾಕುವಾಗ ಚಿರಂಜೀವಿ ಮೆಲ್ಲಗೆ ಕೇಳಿದ: “ಉಳಿದ ಆಲು ನೋಡಿದ್ರಲ್ಲ ಮೇಡಂ... ನೀರಿತ್ತಾ?”

“ಡೈರಿಯಲ್ಲೂ ಪರೀಕ್ಷೆ ಮಾಡಿಸಿದೆ,” ಎಂದರು ಅಂಬಿಕ. “ಇರಲಿಲ್ಲ.”

ಆಗ ಅವನು ಗೊಳೋ ಎಂದು ಅತ್ತ.